ಪರದೇಶದ ಕ್ವಿನೈನ್

ನಮ್ಮ ಸುಧೀಂದ್ರಮಾಮ ಮೋಟಾರ್ ಸೈಕಲ್ ಹತ್ತಿ ಪರದೇಶಕ್ಕೆ ಹೋಗಿಬಂದವನು ಎಂದರೆ ಈಗಿನ ಮಕ್ಕಳು ಯಾವ ದೇಶ ಎಂದು ಕೇಳುತ್ತವೆ. ಕರ್ನೂಲು ಎಂದರೆ ಬಿದ್ದು ಬಿದ್ದು ನಗುತ್ತವೆ. ನಗಲಿ, ನನಗೇನು. ಮಕ್ತಲ್‌ನಿಂದ ಗದ್ವಾಲ, ಗದ್ವಾಲದಿಂದ ಕರ್ನೂಲು ಈಗ ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ದಾರಿ. ಆದರೆ ನಲವತ್ತೆಂಟರಲ್ಲಿ ತುಂಗಭದ್ರೆಯ ಈಚೆ ದಡ ನಿಜಾಮನದು, ಆಚೆ ದಡ ಭಾರತ ಯೂನಿಯನ್ನಿನದು. ಈ ದಡದಲ್ಲಿ ಕರೋಡಗಿರಿಯ ಸುಂಕದವರು ಗಂಟು ಬಿಚ್ಚಿ ನೋಡುತ್ತಿದ್ದರು. ಆ ದಡದಲ್ಲಿ ಮದರಾಸಿನ ಪೊಲೀಸರು ಗಂಟಿನ ಜೊತೆ ಮನುಷ್ಯನನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ನಮ್ಮ ರೂಪಾಯಿ ಅಲ್ಲಿ ನಡೆಯುತ್ತಿರಲಿಲ್ಲ, ಅವರ ರೂಪಾಯಿ ಇಟ್ಟುಕೊಂಡರೆ ಇಲ್ಲಿ ಅನುಮಾನ. ಅದು ಪರದೇಶವಲ್ಲದೆ ಮತ್ತೇನು?

ಮಾಮ ನನ್ನ ತಾಯಿಯ ಅಣ್ಣ. ಮಕ್ತಲ್‌ನ ಗುಡಿ ಓಣಿಯಲ್ಲಿ ಮನೆ. ತಂದೆ ಬೇಗ ತೀರಿಕೊಂಡಿದ್ದರಿಂದ ತಾಯಿ ಅಂಬಾಬಾಯಿ, ಅಂದರೆ ನಮ್ಮ ಅಜ್ಜಿ, ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟು, ಮಠದಲ್ಲಿ ಆರಾಧನೆಯ ಅಡಿಗೆ ಮಾಡಿ ಮಗನನ್ನು ಓದಿಸಿದಳು. ಓದು ಎಂದರೆ ಸರ್ಕಾರಿ ಶಾಲೆಯ ಉರ್ದು ಓದು. ಅದರ ಬಲದಿಂದ ನಾರಾಯಣಪೇಟೆಯ ಸೀರೆ ವ್ಯಾಪಾರಿ ಕರಿಬಸಯ್ಯನವರ ಅಂಗಡಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಮಾಮ ಕಡ್ಡಿಯಂಥ ಮನುಷ್ಯ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಆ ಸಿಟ್ಟು ನಮ್ಮ ಮನೆತನದ ಆಸ್ತಿ, ನನ್ನ ಪಾಲಿಗೂ ಬಂದಿದೆ. ಓಣಿಗೆಲ್ಲ ಪಂಚಾಂಗ ನೋಡಿ ಹೇಳುವವನು ಅವನೇ. ಯಾವತ್ತು ಏಕಾದಶಿ, ಉಪವಾಸ ಬಿಟ್ಟು ಉಣ್ಣುವ ಪಾರಣೆ ಯಾವಾಗ, ಅವನು ಹೇಳಿದ ಮೇಲೆ ಎರಡನೆಯ ಮಾತಿಲ್ಲ. ಇನ್ನು ಅಜ್ಜಿಯ ಉಪವಾಸವೆಂದರೆ ಉಗುಳು ನುಂಗಿದರೂ ಯೋಚನೆ ಮಾಡುವಂಥ ಉಪವಾಸ. ಹೊಸದಾಗಿ ಬಂದ ಸೊಸೆಯಂದಿರಿಗೆ ಓಣಿಯವರು ಅಜ್ಜಿಯನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಪಾಪ, ಆ ಸೊಸೆಯಂದಿರು.

ಮೋಟಾರ್ ಸೈಕಲ್ ಕರಿಬಸಯ್ಯನವರದು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಜನ ಅದನ್ನು ಫಟ್‌ಫಟಿ ಎನ್ನುತ್ತಿದ್ದರು. ಕರಿಬಸಯ್ಯನವರ ಹೊಟ್ಟೆ ಟ್ಯಾಂಕಿಗೆ ತಾಗಿ ಕಿಕ್ ಹೊಡೆಯಲು ಕಾಲೇ ಏಳುತ್ತಿರಲಿಲ್ಲ. ಹೀಗಾಗಿ ಗದ್ವಾಲ, ಕರ್ನೂಲಿಗೆ ಸೀರೆಯ ಮಾದರಿ ಒಯ್ಯುವ ಕೆಲಸದ ಜೊತೆಗೆ ಗಾಡಿಯೂ ಮಾಮನ ಪಾಲಿಗೆ ಬಂತು. ದೀಪದ ಗಾಜಿನ ಮೇಲೆ ಕರಿಬಸಯ್ಯನವರು ವಿಭೂತಿ ಬಳಿದಿದ್ದರು. ಮಾಮ ಅದನ್ನು ಒರೆಸಲಿಲ್ಲ, ಕೆಳಗೆ ತಾನೊಂದು ಗೋಪಿಚಂದನದ ಮುದ್ರೆ ಒತ್ತಿದ. ಕಚ್ಚೆ ಪಂಚೆ, ಕರಿ ಕೋಟು, ಕರಿ ಟೋಪಿ, ಹ್ಯಾಂಡಲಿಗೆ ಮಡಿ ಪಂಚೆಯ ಗಂಟು. ಹೀಗೆ ಅವನು ಹೊರಟರೆ ದಾರಿಯ ಎತ್ತುಗಳೆಲ್ಲ ಗಾಬರಿಯಾಗುತ್ತಿದ್ದವು.

ಆ ಮಳೆಗಾಲದಲ್ಲಿ ಅವನ ಹೆಂಡತಿ ವಿಜಯಾಬಾಯಿಗೆ, ನಮ್ಮ ಅತ್ತೆಗೆ, ಚಳಿಜ್ವರ ಹತ್ತಿತು. ಮೊದಲು ದಿನ ಬಿಟ್ಟು ದಿನ ಬರುತ್ತಿದ್ದದ್ದು ಕ್ರಮೇಣ ದಿನಾ ಮಧ್ಯಾಹ್ನ ಬರತೊಡಗಿತು. ಚಳಿ ಹತ್ತಿ ಹಲ್ಲು ಕಟಕಟಿಸಿ, ಆಮೇಲೆ ಮೈ ಸುಟ್ಟು, ಆಮೇಲೆ ಬೆವತು, ಸಂಜೆಗೆ ಒಗೆದು ಹಿಂಡಿದ ಸೀರೆಯಾಗಿ ಬಿದ್ದಿರುತ್ತಿದ್ದಳು. ಅಮೃತಬಳ್ಳಿಯ ಕಷಾಯ ಕುಡಿಸಿದ್ದಾಯಿತು, ತಾಯತ ಕಟ್ಟಿದ್ದಾಯಿತು. ಊರ ವೈದ್ಯರು ನಾಡಿ ನೋಡಿ, ಕ್ವಿನೈನ್ ಸಿಕ್ಕರೆ ಹುಡುಗಿ ಉಳಿಯುತ್ತಾಳೆ, ಇಲ್ಲದಿದ್ದರೆ ಇನ್ನು ಕೆಲವು ಸಲದ ಚಳಿ ತಡೆಯಲಾರಳು ಎಂದು ನೇರ ಹೇಳಿಬಿಟ್ಟರು. ಕ್ವಿನೈನ್ ಎಲ್ಲಿಂದ ತರುವುದು? ಯೂನಿಯನ್ನಿನವರು ಗಡಿ ಬಿಗಿದು ಎಷ್ಟೋ ತಿಂಗಳಾಗಿತ್ತು. ಉಪ್ಪು, ಪೆಟ್ರೋಲು, ಔಷಧ ಯಾವುದೂ ಒಳಗೆ ಬರುತ್ತಿರಲಿಲ್ಲ. ಮಾಮ ನಾರಾಯಣಪೇಟೆಗೆ ಹೋಗಿ ಧಣಿಯ ಮುಂದೆ ನಿಂತ.

"ಆಚಾರ್ರ, ಗಾಡಿ ಒಯ್ರಿ," ಎಂದರು ಕರಿಬಸಯ್ಯ. "ಎಣ್ಣಿ ಒಂದು ಡಬ್ಬಿ ಐತಿ, ಅದನ್ನೂ ಒಯ್ರಿ. ಆದ್ರ ಹೊಳಿ ದಾಟೋದು ನಿಮ್ಮ ಹಣೇಬರ."

ಎಣ್ಣೆ ಎಂದರೆ ಸೀಮೆಎಣ್ಣೆ. ಒಂದಿಷ್ಟು ಪೆಟ್ರೋಲು ಸುರಿದು ಗಾಡಿ ಎಬ್ಬಿಸುವುದು, ಎಂಜಿನ್ನು ಕಾದ ಮೇಲೆ ಸೀಮೆಎಣ್ಣೆಯ ಮೇಲೆ ಓಡಿಸುವುದು ಆಗಿನ ಉಪಾಯ. ಪೆಟ್ರೋಲು ಕಂಡರೆ ದಾರಿಯಲ್ಲಿ ಯಾರಾದರೂ ಕಸಿಯುತ್ತಾರೆಂದು ಮಾಮ ಗಾಡಿಯಲ್ಲಿ ಉಳಿದಿದ್ದಷ್ಟನ್ನು ಗಂಗಾಜಲ ಇಡುವ ತಾಮ್ರದ ಗಿಂಡಿಯಲ್ಲಿ ತುಂಬಿ ಬಾಯಿಗೆ ಮೇಣ ಹಚ್ಚಿದ. ಅಜ್ಜಿ ಅದನ್ನು ನೋಡಿ ಮುಖ ತಿರುಗಿಸಿ ಒಳಗೆ ಹೋದಳು.

ಹೊರಡುವ ಮುಂಚೆ ಎಂದಿನಂತೆ ಪಂಚಾಂಗ ಓದಿದ. ಈ ಸಲ ಭಾದ್ರಪದದ ಏಕಾದಶಿಗೆ ಶ್ರವಣ ದ್ವಾದಶಿ ಕೂಡಿ ಬಂದಿದೆ, ಎರಡು ದಿನ ನಿಟ್ಟುಪವಾಸ, ತ್ರಯೋದಶಿಗೆ ಪಾರಣೆ. ನೀರೂ ಇಲ್ಲ. ಅತ್ತೆ ಮಲಗಿದಲ್ಲಿಂದಲೇ, "ಎರಡೂ ದಿನ ನಾನು ಮಾಡ್ತೀನಿ. ನೀವು ಸುಖರೂಪ ತಿರುಗಿ ಬರ್ಲಿ ಅಂತ ಬೇಡ್ಕೊಂಡೀನಿ," ಎಂದಳು. ಮಾಮ ಬೈದ. ಅಜ್ಜಿ ಮಾತ್ರ ಸೊಸೆಯನ್ನು ನೋಡಿ ಮೆಚ್ಚಿ ತಲೆಯಾಡಿಸಿದಳು. ಔಷಧಕ್ಕೆ, ರೋಗಿಗೆ ವಿನಾಯಿತಿ ಉಂಟು ಎಂದು ಹೇಳುವ ಪಂಡಿತರು ಲೋಕದಲ್ಲಿ ಇದ್ದಾರೆ. ನಮ್ಮ ಮನೆಯಲ್ಲಿ ಇರಲಿಲ್ಲ.

ಹೋಗುವ ದಾರಿ ಸುಸೂತ್ರ. ಕೃಷ್ಣೆಯಲ್ಲಿ ಹರಿಗೋಲು, ಅಲ್ಲಿಂದ ಗದ್ವಾಲ, ಉಂಡವಳ್ಳಿ, ಎರಡೂ ದಡದ ಚೌಕಿಯಲ್ಲಿ ಸೀರೆಯ ಮಾದರಿ ತೋರಿಸಿ ತುಂಗಭದ್ರೆಯಲ್ಲಿ ಮತ್ತೊಂದು ಹರಿಗೋಲು, ಆಮೇಲೆ ಕರ್ನೂಲು. ಸೀರೆ ಅಂಗಡಿಯ ಹಳೆಯ ಪರಿಚಯ ಹಿಡಿದು ಒಬ್ಬ ಡಾಕ್ಟರನ್ನು ಕಂಡ. ಅವರ ಹತ್ತಿರವೂ ಹೆಚ್ಚಿರಲಿಲ್ಲ. ಒಬ್ಬರಿಗೆ ಸಾಕಾಗುವಷ್ಟು ಗುಳಿಗೆ ಕೊಟ್ಟು, ಪೂರ್ತಿ ತೆಗೆದುಕೊಂಡರೆ ಮಾತ್ರ ಗುಣ, ಅರ್ಧಕ್ಕೆ ನಿಲ್ಲಿಸಿದರೆ ಜ್ವರ ಮತ್ತೆ ತಿರುಗುತ್ತದೆ, ಚಳಿ ಹತ್ತುವ ಮೊದಲೇ ನುಂಗಿಸಬೇಕು ಎಂದು ತಿಳಿಸಿ ಹೇಳಿದರು. ಮಾಮ ಅದನ್ನು ಮೇಣಗಪ್ಪಡದಲ್ಲಿ ಸುತ್ತಿ ಪೊಲೀಸರ ಕೈಗೆ ಸಿಗದ ಹಾಗೆ ಸೊಂಟಕ್ಕೆ ಕಟ್ಟಿಕೊಂಡ. ಆ ರಾತ್ರಿ ಕರ್ನೂಲಿನಲ್ಲಿ ಅವನಿಗೂ ಮೈಕೈ ನೋವು ಶುರುವಾಗಿತ್ತು. ಗಾಡಿ ಹೊಡೆದ ದಣಿವು ಎಂದುಕೊಂಡ.

ದಶಮಿಯ ಬೆಳಗ್ಗೆ ಹರಿಗೋಲಿನಿಂದ ಈಚೆ ದಡಕ್ಕೆ ಇಳಿದರೆ ಸುಂಕದ ಚೌಕಿಯಲ್ಲಿ ಒಬ್ಬನೂ ಇಲ್ಲ. ಹಿಂದೆ, ರೈಲು ಸೇತುವೆಯ ದಿಕ್ಕಿನಿಂದ, ಗುಂಡಿನ ಸದ್ದು. ಯೂನಿಯನ್ನಿನ ಫೌಜು ಒಳಗೆ ಬಂದಿದೆ ಎಂದು ಓಡುತ್ತಿದ್ದವರು ಹೇಳಿದರು. ಹರಿಗೋಲಿನವನು ಮಾತು ಕೇಳುತ್ತಲೇ ಹುಟ್ಟು ತಿರುಗಿಸಿ ಆಚೆ ಹೋದ. ಮಾಮನಿಗೆ ಹಿಂದಿನ ದಾರಿ ಅಲ್ಲಿಗೆ ಮುಗಿಯಿತು.

ಆ ಸೀಮೆಯನ್ನು ನಡಿಗಡ್ಡೆ ಎನ್ನುತ್ತಾರೆ. ಎರಡು ಹೊಳೆಯ ನಡುವಿನ ನೆಲ. ಎರೆಮಣ್ಣು. ಮಳೆ ಬಿದ್ದ ಎರೆಮಣ್ಣಿನಲ್ಲಿ ಮೋಟಾರ್ ಸೈಕಲ್ ಹೊಡೆಯುವುದೆಂದರೆ ಏನೆಂದು ಮಾಮ ಕೈ ಬೀಸಿ ಬೀಸಿ ಹೇಳುತ್ತಿದ್ದ. ಹತ್ತು ಮಾರು ಹೋದರೆ ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಮಣ್ಣು ಕಚ್ಚಿಕೊಂಡು ಗಾಲಿಯೇ ತಿರುಗುವುದಿಲ್ಲ. ಇಳಿಯಬೇಕು, ಬೇವಿನ ಕಡ್ಡಿಯಿಂದ ಕೆರೆಯಬೇಕು, ತಳ್ಳಬೇಕು, ಹತ್ತಬೇಕು. ಆ ಗಾಡಿಯೋ ಎಮ್ಮೆಯಷ್ಟು ಭಾರ. ಉಂಡವಳ್ಳಿ ದಾಟಿದ ಸ್ವಲ್ಪ ಹೊತ್ತಿಗೆ, ನೆತ್ತಿಯ ಮೇಲೆ ಸೂರ್ಯ ಸುಡುತ್ತಿರುವಾಗ, ಅವನಿಗೆ ಬೆನ್ನಹುರಿಯಲ್ಲಿ ಚಳಿ ಹತ್ತಿತು. ಹ್ಯಾಂಡಲ್ ಹಿಡಿದ ಕೈ ಅಲುಗತೊಡಗಿತು. ಮೊದಲು ಗಾಡಿಯ ನಡುಕ ಎಂದುಕೊಂಡನಂತೆ. ಗಾಡಿ ನಿಲ್ಲಿಸಿದ ಮೇಲೂ ಕೈ ನಿಲ್ಲಲಿಲ್ಲ. ಹೆಂಡತಿಯ ಜ್ವರವನ್ನು ಅಷ್ಟು ದಿನ ಪಕ್ಕದಲ್ಲಿ ಕೂತು ನೋಡಿದವನಿಗೆ ಇದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಹೊಲದ ಗುಡಿಸಲಿನಿಂದ ಒಬ್ಬ ಒಕ್ಕಲಗಿತ್ತಿ ಓಡಿ ಬಂದಳು. ಅವಳ ಹೆಸರು ಗುರಮ್ಮ.

"ಯಾರ್ರೀ ನೀವು? ಫಟ್‌ಫಟಿ ಮ್ಯಾಲೇ ಬೋರಲ ಬಿದ್ದೀರಲ್ರೀ!"

ಅವಳೇ ಎಳೆದುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಮಲಗಿಸಿದಳು. ಕೌದಿ ಹೊದಿಸಿದಳು. ನಡುಕ ನಿಲ್ಲಲಿಲ್ಲ. ಕಂಬಳಿ ಹೊದಿಸಿದಳು, ಅದರ ಮೇಲೆ ಖಾಲಿ ಗೋಣಿಚೀಲಗಳನ್ನು ಹೇರಿದಳು. ಚಳಿ ಹೋಗಿ ಕಾವು ಏರಿದಾಗ ಮಾಮ ಏನೇನೋ ಬಡಬಡಿಸಿದ. ಇಳಿಹೊತ್ತಿಗೆ ಬೆವತು ಕಣ್ಣು ಬಿಟ್ಟರೆ ಗುರಮ್ಮ ಗಡಿಗೆ ಹಿಡಿದು ಕೂತಿದ್ದಳು.

"ಮೊಸರು ಐತಿ, ಕುಡೀರಿ. ತಂಪಾಗತೈತಿ."

"ಈ ತಿಂಗಳ ನಮಗ ಮೊಸರು ನಡ್ಯಂಗಿಲ್ಲವ್ವ. ವ್ರತ ಅದ."

"ಗಂಜಿ ಕಾಸ್ಲೇನು?"

"ಮತ್ತೊಬ್ಬರು ಬೇಯಿಸಿದ್ದು ತಗೊಳ್ಳಂಗಿಲ್ಲ."

"ಹಂಗಾರ ಸೊಂಟದಾಗ ಕಟ್ಟೀರಲ್ಲ, ಆ ಗುಳಿಗಿ ನುಂಗ್ರಿ. ಜ್ವರದಾಗ ನೀವೇ ಹೇಳೀರಿ, ಇದೇ ಜ್ವರದ್ದಂತ."

"ಅದು ನಂದಲ್ಲ. ನಮ್ಮ ಮನಿಯಾಕಿದು. ಒಬ್ಬರಿಗಷ್ಟೇ ಅದ."

ಗುರಮ್ಮನಿಗೆ ರೇಗಿತು. "ಅಯ್ಯ ಶಿವನೇ! ಊಟ ಬ್ಯಾಡ, ಮೊಸರು ಬ್ಯಾಡ, ಮದ್ದು ಬ್ಯಾಡ. ಎಲ್ಲಾ ಕಡಿಗೂ ಕದ ಹಾಕ್ಕೊಂಡು ಕುಂತ್ರ ಜೀವ ಎಲ್ಲಿಂದ ಒಳಗ ಬರಬೇಕ್ರೀ? ಹಸಿ ಹಾಲರ ಕುಡೀತೀರೋ ಇಲ್ಲೋ?"

ಹಾಲು ಕುಡಿದ. ಅವಳು ಗಡಿಗೆ ತೆಗೆದುಕೊಂಡು ಆಚೆ ಹೋದ ಮೇಲೆ ಮಾಮ ಸೊಂಟದ ಗಂಟು ಬಿಚ್ಚಿದ. ಇದನ್ನು ಅವನು ನನಗೆ ಹೇಳಿದ್ದು ಮುದುಕನಾದ ಮೇಲೆ, ಅತ್ತೆ ಗುಡಿಗೆ ಹೋಗಿದ್ದ ಹೊತ್ತು ನೋಡಿ. "ಒಂದು ಗುಳಗಿ ನಾಲಿಗಿ ಮ್ಯಾಲ ಇಟ್ಟಿದ್ದೆ ನೋಡವ್ವ. ಸಾಯೋ ಹೆದರಿಕಿ ಬಂದಿತ್ತು. ಆಮ್ಯಾಲ ಉಗುಳಿ, ಒರಸಿ, ಮತ್ತ ಕಟ್ಟಿದೆ." ಗಂಡನ ಎಂಜಲು ಹೆಂಡತಿಗೆ ದೋಷವಲ್ಲ ಎಂದು ಆ ಹೊತ್ತಿನಲ್ಲೂ ಶಾಸ್ತ್ರ ಹುಡುಕಿ ಸಮಾಧಾನ ಮಾಡಿಕೊಂಡನಂತೆ. ನನಗೆ ನಗು ಬಂತು, ಅವನಿಗೆ ಬರಲಿಲ್ಲ.

ಅವನ ಜ್ವರ ಹೊಸದು, ದಿನ ಬಿಟ್ಟು ದಿನದ್ದು. ಮರುದಿನ ಏಕಾದಶಿಗೆ ಬಿಡುವು, ದ್ವಾದಶಿಯ ಮಧ್ಯಾಹ್ನಕ್ಕೆ ಮತ್ತೆ ಚಳಿ. ಅಷ್ಟರೊಳಗೆ ಮಕ್ತಲ್ ಮುಟ್ಟಬೇಕು. ಬಿಡುವಿನ ದಿನವೆಂದರೆ ಬಿಡುವಿನ ದಿನವಲ್ಲ, ಕಾಲಲ್ಲಿ ಎಲುಬೇ ಇಲ್ಲದಂಥ ನಿಶ್ಶಕ್ತಿ. ಅದರ ಮೇಲೆ ನಿಟ್ಟುಪವಾಸ. ಆದರೂ ಬೆಳಕು ಹರಿಯುತ್ತಲೇ ಹೊರಟ. ಕಿಕ್ ಹೊಡೆಯಲು ಗುರಮ್ಮನ ಗಂಡನೇ ಬರಬೇಕಾಯಿತು.

ಗದ್ವಾಲದಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಕೋಟೆಯ ಹತ್ತಿರದ ಕೂಡುದಾರಿಯಲ್ಲಿ ಬಂದೂಕು ಹಿಡಿದ ನಾಲ್ಕಾರು ಮಂದಿ ಅಡ್ಡ ನಿಂತರು. ಯಾವ ಕಡೆಯವರು ಎಂದು ಕೇಳುವ ಧೈರ್ಯ ಯಾರಿಗಿದೆ? ಮಾಮ ತನಗೆ ಬಂದಷ್ಟು ಉರ್ದುವಿನಲ್ಲಿ ಬೀವಿ ಬೀಮಾರ್ ಎಂದು ಬೇಡಿಕೊಂಡ. ಅವರು ಕೋಟಿನ ಜೇಬು ತಡಕಿದರು, ಸೀಮೆಎಣ್ಣೆಯ ಡಬ್ಬಿಯಲ್ಲಿ ಅರ್ಧ ಸುರಿದುಕೊಂಡರು. ಗಿಂಡಿ ಎತ್ತಿ ಇದೇನು ಎಂದರು. ಗಂಗಾಜಲ ಎಂದ. ಇಟ್ಟುಬಿಟ್ಟರು. ಗಂಗೆಯ ಹೆಸರಿನಲ್ಲಿ ಸುಳ್ಳು ಹೇಳಿದೆನಲ್ಲ ಎಂದು ಮಾಮ ಕೃಷ್ಣೆ ಬರುವವರೆಗೂ ಕೊರಗಿದ.

ಕೃಷ್ಣೆಯ ದಡಕ್ಕೆ ಬಂದು ನೋಡಿದರೆ ಕೊರಗಲಿಕ್ಕೆ ಬೇರೆಯೇ ಕಾರಣ ಸಿಕ್ಕಿತು. ಹೊಳೆ ಎರಡೂ ದಡ ತುಂಬಿ ಕೆಂಪಗೆ ಹರಿಯುತ್ತಿತ್ತು. ಹರಿಗೋಲುಗಳೆಲ್ಲ ಮರಳಲ್ಲಿ ಮಗುಚಿ ಬಿದ್ದಿದ್ದವು. ಫೌಜಿಗೆ ಸಿಗಬಾರದೆಂದು ನಿಜಾಮನ ಸರ್ಕಾರದವರು ಒಂದೊಂದರ ತಳವನ್ನೂ ಕೊಡಲಿಯಿಂದ ಒಡೆದು ಹೋಗಿದ್ದರು. ಅಂಬಿಗ ಯಲ್ಲಯ್ಯ ಒಬ್ಬನೇ ದಡದ ಜಾಲಿಯ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ. ಏನು ಕೇಳಿದರೂ ಆಗುವುದಿಲ್ಲ ಎಂದು ಕೈಯಾಡಿಸಿದ.

ಮಾಮ ಗಾಡಿಯ ಪಕ್ಕ ಕುಸಿದು ಕೂತ. ಹಿಂದೆ ಒಂದು ಹೊಳೆ, ಅಲ್ಲಿ ಫೌಜು. ಮುಂದೆ ಒಂದು ಹೊಳೆ, ಇಲ್ಲಿ ದೋಣಿಯಿಲ್ಲ. ಸೊಂಟದಲ್ಲಿ ಮದ್ದು, ನುಂಗುವಂತಿಲ್ಲ. ಕಣ್ಣ ಮುಂದೆ ನೀರು, ಕುಡಿಯುವಂತಿಲ್ಲ. ನಾಳೆ ಮಧ್ಯಾಹ್ನದ ಚಳಿ ತಾನು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತದೆ. ಅದೇ ಹೊತ್ತಿಗೆ ಮಕ್ತಲ್‌ನಲ್ಲಿ ಅವಳಿಗೂ ಬರುತ್ತದೆ. ಅವನಿಗೆ ಅಳು ಬಂತು. ದೊಡ್ಡ ದನಿ ತೆಗೆದು ಅತ್ತನಂತೆ. ನಾಚಿಕೆಯಿಲ್ಲದೆ ಹೇಳುತ್ತಿದ್ದ ಅದನ್ನು. ಅಳುವುದಕ್ಕಾದರೂ ಯಾವ ತಿಥಿಯ ಅಡ್ಡಿಯೂ ಇಲ್ಲವಲ್ಲ ಎನ್ನುತ್ತಿದ್ದ.

ಯಲ್ಲಯ್ಯ ಎದ್ದು ಹೊಳೆಯಲ್ಲಿ ತಂಬಿಗೆ ಮುಳುಗಿಸಿ ತಂದು ಮುಂದಿಟ್ಟ. ಮಾಮ ತಲೆ ಅಲ್ಲಾಡಿಸಿದ. ಇವತ್ತು ಇಲ್ಲ, ನಾಳೆಯೂ ಇಲ್ಲ, ನಾಡಿದ್ದು ಎಂದ. ಯಲ್ಲಯ್ಯ ಅವನ ಒಡೆದ ತುಟಿಯನ್ನೂ ತುಂಬಿದ ಹೊಳೆಯನ್ನೂ ಒಂದೊಂದು ಸಲ ನೋಡಿದ.

"ಏಂ ಸಾಮಿ, ಇಂತ ನೀಳ್ಳು ಪೆಟ್ಕೊನಿ ಎಂಡಿ ಸಸ್ತವಾ?" ಇಷ್ಟು ನೀರಿಟ್ಟುಕೊಂಡು ಒಣಗಿ ಸಾಯುತ್ತೀಯಾ ಎಂದು.

"ಸಾಯ್ತೀನಿ. ಆದ್ರ ಆ ದಡದಾಗ ಸಾಯ್ತೀನಿ. ಇದನ್ನ ಆಕಿ ಕೈಯಾಗ ಕೊಟ್ಟು ಸಾಯ್ತೀನಿ," ಎಂದು ಮಾಮ ಸೊಂಟ ಮುಟ್ಟಿ ತೋರಿಸಿದ.

ಯಲ್ಲಯ್ಯ ಬಯ್ಯುತ್ತಲೇ ಎದ್ದು ಹೋಗಿ ಜೋಳದ ಸೊಪ್ಪೆಯ ಬಣವೆ ತೋರಿಸಿದ. ಅದರೊಳಗೆ ಅವನ ಸ್ವಂತದ ಹರಿಗೋಲು ಅಡಗಿತ್ತು. ಹಗಲಲ್ಲಿ ಇಳಿಸಿದರೆ ಯಾರಾದರೂ ಗುಂಡು ಹಾರಿಸುತ್ತಾರೆ, ಬೆಳಗಿನ ಮಬ್ಬಿನಲ್ಲಿ ನೋಡೋಣ ಎಂದ.

ದ್ವಾದಶಿಯ ಬೆಳಗು ಹರಿಗೋಲಿನ ನಡುವೆ ಮೋಟಾರ್ ಸೈಕಲ್ ಮಲಗಿಸಿ, ಅದರ ಮೇಲೆ ಮಾಮನನ್ನು ಮಲಗಿಸಿ, ಯಲ್ಲಯ್ಯ ಹುಟ್ಟು ಹಾಕಿದ. ಬುಟ್ಟಿಯಂಥ ಆ ದೋಣಿ ಗರಗರ ತಿರುಗಿತು. ಮಾಮ ಕಣ್ಣು ಮುಚ್ಚಿ ಎರಡೂ ಕೈಯಿಂದ ಸೊಂಟದ ಗಂಟು ಹಿಡಿದಿದ್ದ. ಎಷ್ಟೋ ಕೆಳಗೆ ಕೊಚ್ಚಿಕೊಂಡು ಹೋಗಿ ದಡ ಹತ್ತಿದರು. ಗಿಂಡಿಯ ಮೇಣ ಕಿತ್ತು ಪೆಟ್ರೋಲು ಸುರಿದು ಇಬ್ಬರೂ ಸೇರಿ ಗಾಡಿ ಎಬ್ಬಿಸಿದರು. ಅಲ್ಲಿಂದ ಮಕ್ತಲ್‌ಗೆ ಅವನು ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಎರಡು ಕಡೆ ಬಿದ್ದ ಗುರುತು ಮೊಣಕೈಯಲ್ಲಿ ಕೊನೆಯವರೆಗೂ ಇತ್ತು. ಬೇಲಿಯ ನೆರಳು ಗಿಡ್ಡವಾಗುವುದನ್ನು ನೋಡುತ್ತ, ಮಧ್ಯಾಹ್ನ ಬಂತು, ಬಂತು ಎಂದುಕೊಳ್ಳುತ್ತ ಬಂದನಂತೆ.

ಮನೆಯ ಮುಂದೆ ಗಾಡಿ ನಿಂತಾಗ ಅಜ್ಜಿ ತುಳಸಿಕಟ್ಟೆಯ ಹತ್ತಿರ ಇದ್ದಳು. ಎರಡನೆಯ ದಿನದ ಉಪವಾಸ. ಬಾಯಿ ಒಣಗಿ ಮಾತು ಹೊರಡುತ್ತಿರಲಿಲ್ಲ.

"ಸಿಕ್ಕಿತೇನೋ?"

"ಸಿಕ್ತವ್ವಾ. ಚಳಿ ಬಂತೇನು ಆಕಿಗೆ?"

"ಇನ್ನೂ ಇಲ್ಲ. ಉಗುರು ನೀಲಿ ಆಗ್ಲಿಕ್ಕೆ ಹತ್ಯಾವ."

ಉಗುರು ನೀಲಿಯಾಯಿತೆಂದರೆ ಚಳಿ ಬಾಗಿಲಿಗೆ ಬಂತೆಂದೇ ಅರ್ಥ. ಮಾಮ ಕೈಕಾಲು ತೊಳೆಯದೆ ಒಳಗೆ ನುಗ್ಗಿದ. ಅತ್ತೆ ಹಾಸಿಗೆಗೆ ಅಂಟಿಕೊಂಡಿದ್ದಳು. ಗಂಡನನ್ನು ಕಂಡು ಕಣ್ಣಲ್ಲಿ ನೀರು ಬಂತು.

"ಬಂದ್ರಿ. ನನ್ನ ಉಪವಾಸ ಫಲಿಸ್ತು."

"ಗುಳಗಿ ತಂದೀನಿ. ಬಾಯಿ ತೆಗಿ."

"ನಾಳಿ ಪಾರಣಿ ಆಗ್ಲಿ, ತಗೋತೀನಿ."

"ನಾಳಿತನಕ ನೀ ಇರೂದಿಲ್ಲ!" ಎಂದು ಕೂಗಿದ. ಆಮೇಲೆ ಬೇಡಿಕೊಂಡ. ಕಾಲು ಹಿಡಿಯುವುದೊಂದು ಬಾಕಿ.

ಅತ್ತೆ ಹಟಮಾರಿಯಲ್ಲ. ಅವಳಿಗೆ ಹೆದರಿಕೆ. "ನೀವು ಬರ್ಲಿ ಅಂತ ಎರಡು ದಿನ ಬೇಡ್ಕೊಂಡೀನಿ. ನಡುವ ಮುರದ್ರ ನಿಮಗ ಏನರ ಆಗ್ತದ. ನಿಮ್ಮ ಮುಖ ನೋಡ್ರಿ, ಹ್ಯಾಂಗಾಗ್ಯದ." ಅಷ್ಟು ಹೇಳಿ ತುಟಿ ಬಿಗಿಹಿಡಿದಳು.

ಆಗ ಮಾಮ, ಓಣಿಗೆಲ್ಲ ತಿಥಿ ಹೇಳುವ ನಮ್ಮ ಸುಧೀಂದ್ರಮಾಮ, ಸುಳ್ಳು ಹೇಳಿದ.

"ನಾಳಿ ಎಲ್ಲಿ ಪಾರಣಿ? ಎರಡೂ ದಿನ ಮುಗದಾವ. ಇವತ್ತು ತ್ರಯೋದಶಿ. ಜ್ವರದಾಗ ನಿನಗ ಒಂದು ದಿನ ಹೋದದ್ದೇ ಗೊತ್ತಾಗಿಲ್ಲ."

ಅತ್ತೆ ಅವನ ಮುಖವನ್ನೇ ನೋಡಿದಳು. ತಿಥಿಯ ವಿಷಯದಲ್ಲಿ ಈ ಮನುಷ್ಯನ ಮಾತನ್ನು ಅನುಮಾನಿಸಿದವರು ಆ ಊರಲ್ಲೇ ಇರಲಿಲ್ಲ. ಆದರೂ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಕಡೆ ತಿರುಗಿದಳು.

"ಹಂಗಾದ್ರ ಅತ್ತಿಯವರು ಇನ್ನೂ ಯಾಕ ಪಾರಣಿ ಮಾಡಿಲ್ಲ? ಅವರು ಉಣ್ಣದ ನಾ ಹ್ಯಾಂಗ ನೀರು ಮುಟ್ಟಲಿ?"

ಮಾಮನಿಗೆ ಆಗ ಇಡೀ ದಾರಿಯಲ್ಲಿ ಆಗದಷ್ಟು ಭಯವಾಯಿತಂತೆ. ತಪ್ಪು ತಿಥಿಯನ್ನು ಅಜ್ಜಿ ಜೀವಮಾನದಲ್ಲಿ ಬಿಟ್ಟುಕೊಟ್ಟವಳಲ್ಲ. ಗಂಡ ಸತ್ತ ವರ್ಷ, ಮೈಯಲ್ಲಿ ಕಸುವಿಲ್ಲದಾಗಲೂ ಏಕಾದಶಿಗೆ ತೀರ್ಥದ ಹನಿ ಹೆಚ್ಚು ತೆಗೆದುಕೊಳ್ಳದವಳು. ಅವಳ ಹತ್ತಿರ ಇದ್ದ ಆಸ್ತಿಯೆಂದರೆ ಅದೊಂದೇ. ಅಜ್ಜಿ ಸೊಸೆಯ ಉಗುರು ನೋಡಿದಳು. ಮಗನನ್ನು ನೋಡಲಿಲ್ಲ.

"ಇವನ ಹಾದಿ ನೋಡ್ಕೋತ ಕೂತೆ, ಒಲಿ ಹಚ್ಚಲಿಕ್ಕೆ ತಡ ಆತು," ಎಂದಳು. "ಈಗ ಹಚ್ತೀನಿ."

ಊರೆಲ್ಲ ಒಣಗಿ ಕೂತ ದ್ವಾದಶಿಯ ದಿನ ನಮ್ಮ ಮನೆಯ ಮಾಡಿನಿಂದ ಹೊಗೆ ಎದ್ದಿತು. ಪಕ್ಕದ ಮನೆಯ ತುಳಸಮ್ಮ ಗೋಡೆಯ ಆಚೆಯಿಂದ ಕೂಗಿದಳು. "ಅಂಬಕ್ಕಾ, ವಿಜಯಾಗ ಕಷಾಯ ಏನ್ರೀ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅತ್ತೆಯ ಹಾಸಿಗೆ ಅದೇ ಗೋಡೆಯ ಮಗ್ಗುಲಲ್ಲಿತ್ತು.

"ಕಷಾಯ ಅಲ್ಲ ತುಳಸಮ್ಮ. ಪಾರಣಿ ಅಡಿಗಿ," ಎಂದು ಅಜ್ಜಿ ಒಳಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ಇವತ್ತ?"

"ಇವತ್ತೇ."

ಅನ್ನ ಬೇಯುವುದನ್ನು ಕಾಯುತ್ತ ಮಾಮ ಹೆಂಡತಿಯ ಕೈಗಳನ್ನು ತಿಕ್ಕಿ ಬಿಸಿ ಮಾಡುತ್ತ ಕೂತ. ಮಡಿ ಹೆಂಗಸು ಇನ್ನೊಬ್ಬರ ಕಣ್ಣ ಮುಂದೆ ಉಣ್ಣುವುದಿಲ್ಲ. ಅಜ್ಜಿ ಎಲೆಯನ್ನು ತಂದು ಸೊಸೆಯ ಹಾಸಿಗೆಯ ಎದುರಿಗೇ ಹಾಕಿಕೊಂಡಳು. ಬಿಸಿ ಅನ್ನ, ತೊವ್ವೆ, ತುಪ್ಪ. ಮೊದಲ ತುತ್ತು ಬಾಯಿಗಿಟ್ಟಳು. ನೆಪಕ್ಕೆ ಒಂದು ತುತ್ತಲ್ಲ. ಎರಡು ದಿನದ ಹಸಿವಿನವರು ಉಣ್ಣುವ ಹಾಗೆ ಉಂಡಳು, ಮತ್ತೆ ಬಡಿಸಿಕೊಂಡಳು, ತಂಬಿಗೆಯೆತ್ತಿ ನೀರು ಕುಡಿದಳು. ಅತ್ತೆ ಕೊನೆಯ ತುತ್ತಿನವರೆಗೂ ನೋಡಿ, ಆಮೇಲೆ ಬಾಯಿ ತೆರೆದಳು. ಮಾಮ ಗುಳಿಗೆ ಹಾಕಿ ನೀರು ಬಿಟ್ಟ. ಅದು ಒಳಗೆ ಇಳಿಯಿತೆಂದು ಖಾತ್ರಿಯಾದ ಮೇಲೆ ಎದ್ದು ಪಡಸಾಲೆಗೆ ಹೋದವನು ಕಂಬದ ಬುಡದಲ್ಲಿ ನಡುಗುತ್ತ ಬಿದ್ದುಕೊಂಡ. ಅವನ ಚಳಿಯೂ ಬಂದಿತ್ತು.

ಎರಡು ದಿನಕ್ಕೆ ನಿಜಾಮ ಶರಣಾದ ಸುದ್ದಿ ಬಂತು, ಆಮೇಲೆ ದಾರಿ ತೆರೆಯಿತು, ಕರಿಬಸಯ್ಯನವರು ಕ್ವಿನೈನ್ ತರಿಸಿ ಮಾಮನಿಗೂ ಕೊಟ್ಟರು. ಅತ್ತೆ ಬದುಕಿದಳು. ನನ್ನನ್ನು ಎತ್ತಿ ಆಡಿಸಿದಳು, ತನ್ನ ಮಕ್ಕಳನ್ನೂ ಆಡಿಸಿದಳು, ಮಾಮ ಹೋದ ಮೇಲೂ ಬಹಳ ಕಾಲ ಇದ್ದಳು. ಓಣಿ ಮಾತ್ರ ಮರೆಯಲಿಲ್ಲ. ಶ್ರವಣ ದ್ವಾದಶಿಯ ದಿನ ತಿಥಿ ತಪ್ಪಿದವನೆಂದು ಮಾಮನ ಹತ್ತಿರ ಪಂಚಾಂಗ ಕೇಳುವುದನ್ನು ಬಿಟ್ಟರು. ಆ ವರ್ಷದಿಂದ ಆರಾಧನೆಯ ಅಡಿಗೆಗೆ ಮಠದವರು ಅಜ್ಜಿಯನ್ನು ಕರೆಯಲಿಲ್ಲ. ಮಾಮ ಹೋಗಿ ನಿಜ ಹೇಳಿಬರುತ್ತೇನೆಂದು ಎದ್ದಾಗ, ವಿಜಯಾಳ ಕಿವಿಗೆ ಬೀಳುತ್ತದೆ ಎಂದು ಅಜ್ಜಿಯೇ ಬಾಗಿಲಿಗೆ ಅಡ್ಡ ನಿಂತಳು. ಅತ್ತೆಯೋ, ನನ್ನ ಗಂಡನ ಪಂಚಾಂಗ ಎಂದೂ ತಪ್ಪಲ್ಲ ಎಂದು ತುಳಸಮ್ಮನ ಜೊತೆ ಜೀವಮಾನವಿಡೀ ಜಗಳವಾಡಿದಳು. ಆ ಜಗಳ ನಡೆದಾಗಲೆಲ್ಲ ತಾಯಿ ಮಗ ಇಬ್ಬರೂ ತಲೆ ತಗ್ಗಿಸಿ ಕೂತಿರುತ್ತಿದ್ದರು. ಅವರಿಗೆ ಹೊರಗೆ ಬರುವ ದಾರಿಯೇ ಇರಲಿಲ್ಲ. ನಿಜ ತಿಳಿದ ಮೇಲೆ ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾಮ ನನಗೆ ಎಲ್ಲವನ್ನೂ ಹೇಳಿದ ಮೇಲೆ, ಅಜ್ಜಿ ಹಾಸಿಗೆ ಹಿಡಿದಿದ್ದಾಗ, ತಡೆಯಲಾರದೆ ಕೇಳಿಬಿಟ್ಟೆ. "ಅಜ್ಜಿ, ಅವತ್ತು ದ್ವಾದಶಿ ಅಂತ ಗೊತ್ತಿದ್ದೂ ಉಂಡಿಯಲ್ಲ. ಮ್ಯಾಲ ಹೋಗಿ ಏನಂತ ಹೇಳ್ತಿ?"

ಅಜ್ಜಿ ಮೊದಲು ಕತ್ತು ಹೊರಳಿಸಿ ಅತ್ತೆ ಎಲ್ಲಿದ್ದಾಳೆ ಎಂದು ನೋಡಿದಳು. ಅತ್ತೆ ಹಿತ್ತಲಲ್ಲಿದ್ದಳು, ಮಾತು ಕೇಳುವಷ್ಟು ಹತ್ತಿರವಿರಲಿಲ್ಲ. ಆದರೂ ಅಜ್ಜಿ ನನ್ನ ಕೈ ಹಿಡಿದು ಎಳೆದು, ಸಣ್ಣ ದನಿಯಲ್ಲಿ ಗದರಿದಳು.

"ಯಾವ ದ್ವಾದಶಿ? ಅವತ್ತು ತ್ರಯೋದಶಿ ಇತ್ತು."